ಭಾಷೆಯ ಕಲಿಕೆಗೆ ವಯಸ್ಸಿನ ಮೇರೆಯುಂಟೆ?

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿ ಸೂರಗೊಂಡನಕೊಪ್ಪವೆಂಬ ಊರಿದೆ. ಬಂಜಾರ ಜನರು ಪೂಜ್ಯಭಾವದಿಂದ ಸ್ಮರಿಸುವ ಸಂತ ಸೇವಾಲಾಲರ ಜನ್ಮಸ್ಥಳವೆಂದು ಅದು ಪ್ರಸಿದ್ಧವಾಗಿದೆ. ಈ ತಾಲ್ಲೂಕಿನಲ್ಲಿಯೂ ಹೊನ್ನಾಳಿ, ಚನ್ನಗಿರಿ, ಜಗಳೂರು ತಾಲ್ಲೂಕುಗಳಲ್ಲಿಯೂ ಲಂಬಾಣಿ ತಾಂಡಗಳಿವೆ. ತಾಂಡದ ಮನೆಮಾತು ಲಂಬಾಣಿ. ಶಾಲೆಯ, ಸಂತೆಯ, ಕಚೇರಿಯ ಮಾತು ಕನ್ನಡ. ಕನ್ನಡವು ದ್ರಾವಿಡ ಬಳಗದ್ದು. ಲಂಬಾಣಿಯಾದರೋ ರಾಜಸ್ಥಾನದ ನುಡಿಗಳಿಗೆ ಹತ್ತಿರವಾದ ಇಂಡೋ-ಆರ್ಯ ಭಾಷೆ. ತಾಯಿಯನ್ನು ‘ಯಾಡಿ’ ಎಂದೂ ನೀರನ್ನು ‘ಪಾಣಿ’ ಎಂದೂ ಕರೆದು ಬೆಳೆದ ಮಗು ಶಾಲೆಯ ಹೊಸ್ತಿಲು ದಾಟಿದೊಡನೆ ಬೇರೊಂದು ಭಾಷಾಕುಲವನ್ನೇ ಪ್ರವೇಶಿಸುವುದು.

ಅಂತಹ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಅಜ್ಜಿ ಮದುವೆಯಾದ ಮೇಲೆ ಸಂತೆಯಲ್ಲಿ ಕನ್ನಡ ಕಲಿತವಳು. ವ್ಯವಹಾರಕ್ಕೆ ಕೊರತೆಯಿಲ್ಲ, ಆದರೆ ಉಚ್ಚಾರಣೆಯಿಂದಲೇ ಅವಳ ಮನೆಮಾತು ತಿಳಿದುಬಿಡುವುದು. ಮೊಮ್ಮಗಳು ಆರನೆಯ ವರ್ಷದಲ್ಲಿ ಶಾಲೆಗೆ ಸೇರಿ ಕನ್ನಡ ಕಲಿತಳು. ಈಗ ಅವಳ ಮಾತಿಗೂ ಗೆಳತಿಯರ ಮಾತಿಗೂ ಭೇದ ಕಾಣದು. ತೊಟ್ಟಿಲಲ್ಲಿ ಇನ್ನೊಂದು ಕೂಸಿದೆ. “ಇದರೊಡನೆ ಕನ್ನಡವನ್ನೇ ಆಡೋಣ, ಲಂಬಾಣಿ ಆಡಿದರೆ ಶಾಲೆಯಲ್ಲಿ ಹಿಂದೆ ಬಿದ್ದೀತು” ಎಂಬುದು ತಂದೆಯ ಯೋಚನೆ. ಈ ಭಯಕ್ಕೆ ಆಧಾರವುಂಟೆ?

ಮೊದಲು ಕಿವಿಯ ವಿಷಯವನ್ನು ನೋಡೋಣ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ವಿಜ್ಞಾನಿಗಳು 1984ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಪ್ರಸಿದ್ಧವಾದುದು. ‘ತ’ ಮತ್ತು ‘ಟ’ಗಳ ಭೇದ ನಮಗೆ ಸಹಜ, ಇಂಗ್ಲಿಷಿನಲ್ಲಿ ಈ ಭೇದವಿಲ್ಲ. ಆದರೂ ಇಂಗ್ಲಿಷ್ ಮನೆಗಳ 6–8 ತಿಂಗಳ ಶಿಶುಗಳಲ್ಲಿ ಹೆಚ್ಚಿನವು ಹಿಂದಿಯ ಈ ಎರಡು ಧ್ವನಿಗಳನ್ನು ಬೇರೆ ಬೇರೆಯಾಗಿ ಗುರುತಿಸಿದುವು. 10–12 ತಿಂಗಳು ತುಂಬುವ ವೇಳೆಗೆ ಆ ಶಕ್ತಿ ಬಹುಮಟ್ಟಿಗೆ ಕುಗ್ಗಿದ್ದಿತು. ಮಗು ಮೊದಲ ಮಾತನ್ನಾಡುವ ಮುನ್ನವೇ ಅದರ ಕಿವಿಯು ಮನೆಮಾತಿಗೆ ಹೊಂದಿಕೊಂಡಿರುತ್ತದೆ!

ಹೀಗೇಕೆ? ಶೈಶವದಲ್ಲಿ ಮಿದುಳಿನ ನರಕೋಶಗಳ ನಡುವೆ ಹೇರಳವಾಗಿ ಸಂಪರ್ಕಗಳು ಏರ್ಪಡುತ್ತವೆ. ಬಳಸಿದುವು ಬಲಗೊಳ್ಳುತ್ತವೆ, ಬಳಸದಿದ್ದುವು ಕ್ರಮೇಣ ಅಳಿಯುತ್ತವೆ. ಚನ್ನಗಿರಿಯ ಶಾಂತಿಸಾಗರದ ನೀರುಣ್ಣುವ ಗದ್ದೆಗಳನ್ನು ನೆನೆಯಿರಿ. ದಿನವೂ ನೀರು ಹರಿಯುವ ಕಾಲುವೆ ಆಳವಾಗುವುದು. ಹರಿಯದ ಕಾಲುವೆ ಹೂಳಿನಿಂದ ತುಂಬುವುದು. ಹೊಸ ಕಾಲುವೆಯನ್ನು ತೋಡಬಾರದೆಂದಿಲ್ಲ. ಅದಕ್ಕೆ ದುಡಿಮೆ ಹೆಚ್ಚು ಬೇಕು. ಅಜ್ಜಿಯ ಉಚ್ಚಾರಣೆಯ ಗುಟ್ಟು ಇಲ್ಲಿದೆ.

ಭಾಷೆಯನ್ನು ಸಹಜವಾಗಿ ಕಲಿಯುವ ಕಾಲವು ಎರಡನೆಯ ವಯಸ್ಸಿನಿಂದ ತಾರುಣ್ಯಾರಂಭದವರೆಗೆ ಎಂದು ಎರಿಕ್ ಲೆನೆಬರ್ಗ್ 1967ರಲ್ಲಿ ವಾದಿಸಿದನು. ಅಮೆರಿಕಕ್ಕೆ ವಲಸೆ ಬಂದ ಚೀನೀ ಹಾಗೂ ಕೊರಿಯನ್ ಮನೆಮಾತಿನ 46 ಮಂದಿಯನ್ನು ಜಾನ್ಸನ್ ಮತ್ತು ನ್ಯೂಪೋರ್ಟ್ ಎಂಬವರು 1989ರಲ್ಲಿ ಪರೀಕ್ಷಿಸಿದಾಗ, ಏಳು ವರ್ಷಕ್ಕೆ ಮೊದಲೇ ಬಂದವರು ಇಂಗ್ಲಿಷ್ ವ್ಯಾಕರಣದಲ್ಲಿ ಅಲ್ಲಿನವರಿಗೆ ಸಮನಾಗಿದ್ದರು. ಅನಂತರ ಬಂದವರಲ್ಲಿ ವಯಸ್ಸು ಏರಿದಂತೆ ಅಂಕಗಳು ಇಳಿದುವು. ಸುಮಾರು 6,70,000 ಜನರ ಉತ್ತರಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಧ್ಯಯನವು, ವ್ಯಾಕರಣವನ್ನು ಗ್ರಹಿಸುವ ಈ ಶಕ್ತಿ ಸುಮಾರು 17 ವರ್ಷದವರೆಗೂ ಉಳಿದಿರುವುದೆಂದು ಅಂದಾಜು ಮಾಡಿದೆ. ವಯಸ್ಸಿನ ಗೆರೆ ಎಲ್ಲಿ ಬೀಳುವುದೆಂಬ ವಿಷಯದಲ್ಲಿ ವಿದ್ವಾಂಸರಿಗೆ ಇನ್ನೂ ಏಕಾಭಿಪ್ರಾಯವಿಲ್ಲ.

ಹಾಗಾದರೆ ಎಳೆಯರೇ ಬೇಗ ಕಲಿಯುವರೆ? ಇಲ್ಲ! ಹಾಲೆಂಡಿನಲ್ಲಿ ಡಚ್ ಕಲಿಯುತ್ತಿದ್ದ ಇಂಗ್ಲಿಷರನ್ನು ಸ್ನೋ ಮತ್ತು ಹೂಫ್ನಾಗೆಲ್-ಹೋಲೆ ಎಂಬವರು ಒಂದು ವರ್ಷ ಗಮನಿಸಿ 1978ರಲ್ಲಿ ವರದಿ ಮಾಡಿದರು. ಮೊದಲ ತಿಂಗಳುಗಳಲ್ಲಿ ಮುಂದಿದ್ದವರು 12–15 ವಯಸ್ಸಿನವರು ಮತ್ತು ವಯಸ್ಕರು. 3–5ರ ಮಕ್ಕಳು ಹಿಂದಿದ್ದರು. ದೊಡ್ಡವನು ನಿಯಮವನ್ನು ತಿಳಿದು ಕಲಿಯುತ್ತಾನೆ, ಬೇಗ ಹೊರಡುತ್ತಾನೆ. ಮಗು ನಿಧಾನವಾಗಿ ಹೊರಟರೂ ಬಹುದೂರ ಸಾಗುತ್ತದೆ. ಪದಸಂಪತ್ತಿಗಂತೂ ಮೇರೆಯೇ ಇಲ್ಲ. ಮುಪ್ಪಿನವರೆಗೂ ಅದು ಬೆಳೆಯಬಲ್ಲುದು.

ಈಗ ತಂದೆಯ ಭಯಕ್ಕೆ ಬರೋಣ. ಎರಡು ಭಾಷೆ ಮಗುವಿನ ಬುದ್ಧಿಗೆ ಹೊರೆಯೆಂದು ಹಿಂದೆ ಅನೇಕರು ನಂಬಿದ್ದರು. 1962ರಲ್ಲಿ ಕೆನಡದ ಮಾಂಟ್ರಿಯಲ್ ನಗರದಲ್ಲಿ ಪೀಲ್ ಮತ್ತು ಲ್ಯಾಂಬರ್ಟ್ ಎಂಬವರು ಮಕ್ಕಳನ್ನು ಪರೀಕ್ಷಿಸಿದಾಗ ದ್ವಿಭಾಷಿಗಳು ಹಿಂದೆ ಬೀಳಲಿಲ್ಲ, ಮುಂದೆಯೇ ಇದ್ದರು. ದ್ವಿಭಾಷಿ ಮಗುವಿಗೆ ಒಂದೊಂದು ಭಾಷೆಯಲ್ಲಿ ಪದಗಳು ತುಸು ಕಡಮೆಯಿರಬಹುದು. ಎರಡನ್ನೂ ಕೂಡಿಸಿದರೆ ಕೊರತೆ ಉಳಿಯದು. ಎರಡು ನುಡಿಗಳನ್ನು ಒಂದೇ ವಾಕ್ಯದಲ್ಲಿ ಬೆರಸುವುದು ಗೊಂದಲದ ಕುರುಹಲ್ಲ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ರೋಗವುಳ್ಳ 648 ಮಂದಿಯನ್ನು ಪರಿಶೀಲಿಸಿ, ಏಕಭಾಷಿಗಳಿಗಿಂತ ದ್ವಿಭಾಷಿಗಳಲ್ಲಿ ರೋಗವು ಸುಮಾರು ನಾಲ್ಕೂವರೆ ವರ್ಷ ತಡವಾಗಿ ತಲೆದೋರಿತೆಂದು 2013ರಲ್ಲಿ ಪ್ರಕಟಿಸಿದರು. ಓದುಬರಹ ಬಾರದವರಲ್ಲಿಯೂ ಈ ಅಂತರ ಕಂಡುಬಂದಿತು. ಎಲ್ಲ ದೇಶಗಳ ಅಧ್ಯಯನಗಳೂ ಇದೇ ಫಲವನ್ನು ಕೊಟ್ಟಿಲ್ಲವಾದರೂ, ಎರಡು ಭಾಷೆಗಳಿಂದ ಕೇಡಾಯಿತೆಂದು ಇದರಿಂದ ಹೇಳಲಾಗದು.

ಆದುದರಿಂದ ತೊಟ್ಟಿಲ ಕೂಸು ಲಂಬಾಣಿಯನ್ನೂ ಕೇಳಲಿ, ಕನ್ನಡವನ್ನೂ ಕೇಳಲಿ. ಕನ್ನಡಕ್ಕೆ ಮುಂದೆ ಶಾಲೆಯುಂಟು, ಸಂತೆಯುಂಟು. ಲಂಬಾಣಿಗೆ ಮನೆಯೇ ಶಾಲೆ. ಅಲ್ಲಿ ನಿಂತರೆ ಅಜ್ಜಿಯ ಕಥೆ ಮೊಮ್ಮಗುವಿಗೆ ಪರಭಾಷೆಯಾದೀತು. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವನ್ನು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಒದಗಿಸಲು ರಾಜ್ಯಗಳು ಯತ್ನಿಸಬೇಕೆಂದು 1956ರಲ್ಲಿ ಸೇರಿಸಲಾದ ಸಂವಿಧಾನದ 350ಎ ವಿಧಿಯು ಹೇಳುವುದೂ ಇಲ್ಲಿ ಸ್ಮರಣೀಯ.

ಪ್ರೌಢಶಾಲೆಗೆ ಬಂದ ಮೇಲೆ ಹೊಸ ಭಾಷೆಯನ್ನು ಹಿಡಿದಿರುವ ವಿದ್ಯಾರ್ಥಿಯೂ ಎದೆಗುಂದಬೇಕಾಗಿಲ್ಲ. ಉಚ್ಚಾರಣೆಯಲ್ಲಿ ಮನೆಮಾತಿನ ಛಾಯೆ ಉಳಿದರೆ ಉಳಿಯಲಿ. ಅದು ದೋಷವಲ್ಲ, ಹುಟ್ಟೂರಿನ ಗುರುತು.