ಸೈಕಲ್ಲಿನ ಕತ್ತು ಸಡಿಲುವುದೇಕೆ?

ಗಾಲಿಗೆ ಪಂಕ್ಚರಾದರೆ ಬೈಸಿಕಲ್ಲು ಅಲ್ಲಿಯೇ ನಿಲ್ಲುತ್ತದೆ. ಸರಪಳಿ ಕಳಚಿದರೆ ತುಳಿದೂ ಪ್ರಯೋಜನವಿಲ್ಲ. ಆದರೆ ಅದರ ಕತ್ತು ಸಡಿಲಿದಾಗ ಸೈಕಲ್ಲು ಓಡುತ್ತಲೇ ಇರುತ್ತದೆ. ಬ್ರೇಕು ಹಾಕಿದಾಗಲೊಮ್ಮೆ ‘ಟಕ್’ ಎಂಬ ಸದ್ದು, ಹ್ಯಾಂಡಲಿನಲ್ಲಿ ಸಣ್ಣದೊಂದು ನಡುಕ, ಇಷ್ಟೇ ಅದರ ಲಕ್ಷಣ. ಇಷ್ಟು ಅಲ್ಪವಾಗಿ ಕಾಣುವುದರಿಂದಲೇ ಈ ದೋಷವು ಬಹುಕಾಲ ಅಲಕ್ಷ್ಯಕ್ಕೊಳಗಾಗುತ್ತದೆ. ಸವಾರನ ದಿಕ್ಕು, ಸಮತೋಲ ಎರಡೂ ಈ ಒಂದು ಕೀಲನ್ನು ಅವಲಂಬಿಸಿರುವುದನ್ನು ನೆನೆದರೆ ಅಲಕ್ಷ್ಯವು ತರವಲ್ಲವೆಂಬುದು ತಿಳಿಯುತ್ತದೆ.

ಕರ್ನಾಟಕ ಸರ್ಕಾರವು 2006–07ರಲ್ಲಿ 8ನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ನೀಡುವ ಯೋಜನೆಯನ್ನು ಆರಂಭಿಸಿದ ಬಳಿಕ ಈ ವಾಹನವು ಹಳ್ಳಿಗಾಡಿನ ಎಷ್ಟೋ ವಿದ್ಯಾರ್ಥಿಗಳ ಕೈಸೇರಿತು. ಬೀದರ ಜಿಲ್ಲೆಯ ಔರಾದ, ಭಾಲ್ಕಿಗಳ ಸೀಮೆಯಲ್ಲಿರುವ ಠಾಣಾ ಕುಶನೂರಿನಂತಹ ಊರಿನಲ್ಲಿ ಡಾಂಬರು ರಸ್ತೆಯನ್ನು ಬಿಟ್ಟು ಎರೆನೆಲದ ಬಂಡಿದಾರಿಗೆ ಇಳಿದ ಸೈಕಲ್ಲಿನ ಕತ್ತು ಎಷ್ಟು ಪೆಟ್ಟುಗಳನ್ನು ಸಹಿಸಬೇಕಾಗುತ್ತದೆ ಎಂಬುದನ್ನು ವಾಚಕರು ಊಹಿಸಬಹುದು. ಆ ಪೆಟ್ಟುಗಳ ಲೆಕ್ಕವನ್ನು ನಾವು ಭೌತವಿಜ್ಞಾನದ ನೆರವಿನಿಂದ ಮಾಡಿ ನೋಡೋಣ.

ಮೊದಲು ರಚನೆಯನ್ನು ಅರಿಯಬೇಕು. ಮುಂದಿನ ಗಾಲಿಯನ್ನು ಹಿಡಿದಿರುವ ಕವೆಗೆ ಅಂಗಡಿಗಳಲ್ಲಿ ಫೋರ್ಕ್ ಎನ್ನುತ್ತಾರೆ. ಅದರ ನೆತ್ತಿಯಿಂದ ಒಂದು ದಂಡವು ಮೇಲೆದ್ದು ಚೌಕಟ್ಟಿನ ಮುಂದಣ ಗಿಡ್ಡ ಕೊಳವೆಯೊಳಗೆ ಹಾದುಹೋಗುತ್ತದೆ. ಆ ಕೊಳವೆಯೇ ಸೈಕಲ್ಲಿನ ಕತ್ತು. ಕತ್ತಿನ ಮೇಲ್ತುದಿಯಲ್ಲೊಂದು, ಕೆಳತುದಿಯಲ್ಲೊಂದು ಉಕ್ಕಿನ ಬಟ್ಟಲು. ಎರಡರಲ್ಲಿಯೂ ಬಾಲುಗಳ ಸಾಲು. ಕೆಳಗಣ ಬಾಲುಗಳು ಕವೆಯ ಬುಡದಲ್ಲಿ ಬಿಗಿಯಾಗಿ ಕುಳಿತ ಒಂದು ಬಳೆಯ ಮೇಲೆ ಹೊರಳುತ್ತವೆ. ಮೇಲಿನ ಬಾಲುಗಳನ್ನು ಮರೆಯುಳ್ಳ ಕೋನ್ ಒತ್ತಿ ಹಿಡಿದಿರುತ್ತದೆ. ಅದರ ಮೇಲೆ ವಾಶರು, ವಾಶರಿನ ಮೇಲೆ ಚೆಕ್‌ನಟ್ಟು.

ಈಗ ಮುಂದಿನ ಬ್ರೇಕನ್ನು ಹಿಡಿದೆವೆನ್ನೋಣ. ನೆಲವು ಗಾಲಿಯನ್ನು ಹಿಂದಕ್ಕೆ ನೂಕುತ್ತದೆ. ಗಾಲಿಯೂ ಕವೆಯೂ ಸೇರಿ ಒಂದು ಸನ್ನೆಗೋಲಿನಂತೆ ವರ್ತಿಸುತ್ತವೆ. ಕೆಳಗಿನ ಬಟ್ಟಲೇ ಅದರ ಆಧಾರಬಿಂದು. ಆ ಬಟ್ಟಲಿನಿಂದ ನೆಲಕ್ಕೆ 70 ಸೆಂಟಿಮೀಟರು, ಮೇಲಿನ ಬಟ್ಟಲಿಗೆ 14 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಕತ್ತಿನ ಓರೆಯನ್ನು ಸದ್ಯಕ್ಕೆ ಬದಿಗಿಟ್ಟರೆ, ನೆಲದ ಬಲವು 200 ನ್ಯೂಟನ್ ಆದಾಗ ಮೇಲಿನ ಬಟ್ಟಲು ಅದರ ಐದರಷ್ಟು, ಅಂದರೆ 1000 ನ್ಯೂಟನ್ ಬಲವನ್ನು ತಡೆಯಬೇಕು. ಕೆಳಗಿನ ಬಟ್ಟಲಿಗೆ ಎರಡರ ಮೊತ್ತವಾದ 1200 ನ್ಯೂಟನ್! ಸುಮಾರು 120 ಕಿಲೋಗ್ರಾಂ ತೂಕವನ್ನು ಅಡ್ಡಲಾಗಿ ಹೇರಿದಂತೆ ಇದು. ಬ್ರೇಕನ್ನು ಬಿಟ್ಟೊಡನೆ ಸವಾರನ ಭಾರವು ಕವೆಯನ್ನು ಮತ್ತೆ ಮುಂದಕ್ಕೆ ತಳ್ಳುತ್ತದೆ. ಕೀಲಿನಲ್ಲಿ ತೆರವಿದ್ದರೆ ಈ ಹಿಂದುಮುಂದಿನ ಆಟವು ಸುತ್ತಿಗೆಯ ಪೆಟ್ಟಾಗಿ ಪರಿಣಮಿಸುತ್ತದೆ. ತೆರವು ಪೆಟ್ಟನ್ನು ಹುಟ್ಟಿಸುತ್ತದೆ, ಪೆಟ್ಟು ತೆರವನ್ನು ಹಿಗ್ಗಿಸುತ್ತದೆ.

ಅದೇ ಸನ್ನೆಯ ನಿಯಮವು ಪರೀಕ್ಷೆಗೂ ಒದಗುತ್ತದೆ. ಮೇಲಿನ ಬಟ್ಟಲಿನಲ್ಲಿರುವ 0.2 ಮಿಲಿಮೀಟರಿನ ತೆರವು ಕಣ್ಣಿಗೆ ಕಾಣದು; ನೆಲದ ಬಳಿ ಅದು ಐದು ಪಟ್ಟು ಹೆಚ್ಚಿ 1 ಮಿಲಿಮೀಟರು ಆಗುತ್ತದೆ. ಮುಂದಿನ ಬ್ರೇಕನ್ನು ಹಿಡಿದು, ಇನ್ನೊಂದು ಕೈಯ ಬೆರಳನ್ನು ಬಟ್ಟಲಿನ ಸಂದಿಗೆ ತಾಗಿಸಿ ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ತೂಗಬೇಕು. ಸಂದಿ ಮಿಸುಕಿದರೆ ದೋಷವು ಕತ್ತಿನದು. ಬೆರಳಿಗೆ ಏನೂ ತಿಳಿಯದೆ ಸದ್ದು ಮಾತ್ರ ಬಂದರೆ ಬ್ರೇಕಿನ ಕಟ್ಟೆಯನ್ನೂ ಗಾಲಿಯ ಅಚ್ಚನ್ನೂ ನೋಡಬೇಕು.

ದೋಷವು ಕತ್ತಿನದೆಂದು ತಿಳಿದ ಕೂಡಲೆ ಪಾನಾ ತಂದು ಬಿಗಿಯುವುದು ಸಾಮಾನ್ಯ ಪದ್ಧತಿ. ಆದರೆ ಎಷ್ಟು ಬಿಗಿಯಬೇಕು? ಬಳಕೆಯಲ್ಲಿರುವ ಒಂದು ಪ್ರಮಾಣದಂತೆ ದಂಡದ ಮೇಲೆ ಅಂಗುಲಕ್ಕೆ 24 ಮರೆಗಳಿರುತ್ತವೆ. ಕೋನನ್ನು ಒಂದು ಸುತ್ತು ತಿರುಗಿಸಿದರೆ ಅದು 1.06 ಮಿಲಿಮೀಟರು ಇಳಿಯುತ್ತದೆ. ಸುತ್ತಿನ ಎಂಟನೆಯ ಒಂದು ಪಾಲಿಗೆ 0.13 ಮಿಲಿಮೀಟರು ಮಾತ್ರ. ಹೀಗಾಗಿ ಕೋನನ್ನು ಕೈಯಿಂದಲೇ ಹೊಂದಿಸಿದರೆ ಸಾಕು. ಅನಂತರ ಚೆಕ್‌ನಟ್ಟನ್ನು ಬಿಗಿದಾಗ ಅದು ಮರೆಗಳ ನಡುವಣ ಸಂದನ್ನು ಮುಚ್ಚಿ ಕೋನನ್ನು ತುಸು ಕೆಳಕ್ಕೆ ಒತ್ತುತ್ತದೆ. ಆದುದರಿಂದ ಮೊದಲು ಕೂದಲೆಳೆಯಷ್ಟು ಸಡಿಲವನ್ನು ಉಳಿಸಿ ಬಳಿಕ ಚೆಕ್‌ನಟ್ಟನ್ನು ಬಿಗಿಯುವುದೇ ಸರಿಯಾದ ಕ್ರಮ. ಅತಿಯಾಗಿ ಬಿಗಿದರೆ ಇನ್ನೊಂದು ಕೇಡು ಕಾದಿರುತ್ತದೆ. ಈ ಬಾಲುಗಳು ಗಾಲಿಯ ಬಾಲುಗಳಂತೆ ಸುತ್ತುವುದಿಲ್ಲ. ಇದ್ದಲ್ಲಿಯೇ ಅಲ್ಪಸ್ವಲ್ಪ ಅಲುಗುತ್ತವೆ. ಗ್ರೀಸು ಆ ಸ್ಥಳದಿಂದ ಜಾರಿಹೋಗಿ ಲೋಹವು ಲೋಹವನ್ನು ತಿಕ್ಕಿ ಕುಳಿಗಳು ಬೀಳುತ್ತವೆ. ಆಗ ಹ್ಯಾಂಡಲು ನೇರವಾಗಿರುವಾಗ ಎಲ್ಲಿಯೋ ಕಚ್ಚಿಕೊಂಡಂತೆ ಭಾಸವಾಗುತ್ತದೆ. ಗಡಸು ಗುಂಡನ್ನು ಒತ್ತಿ ಬಿದ್ದ ಕುಳಿಯಿಂದ ಲೋಹದ ಗಡಸುತನವನ್ನು ಅಳೆಯುವ ವಿಧಾನವನ್ನು ಸ್ವೀಡನ್ನಿನ ಬ್ರಿನೆಲ್ 1900ರಲ್ಲಿ ಪ್ರಕಟಿಸಿದನು. ಕತ್ತಿನ ಕುಳಿಗಳು ಒತ್ತಡದ ಕುಳಿಗಳಂತೆ ಕಂಡರೂ ಬಹುಮಟ್ಟಿಗೆ ತಿಕ್ಕಾಟದ ಸವೆತವಾದುದರಿಂದ ಇದಕ್ಕೆ ‘ಹುಸಿ ಬ್ರಿನೆಲಿಂಗ್’ ಎಂಬ ಹೆಸರು ಬಂದಿದೆ.

ಕೆಲವು ವೇಳೆ ಎಷ್ಟು ಬಿಗಿದರೂ ಸಡಿಲವು ಹೋಗುವುದಿಲ್ಲ. ಏಕೆ? ದೋಷವು ಮೇಲಿಲ್ಲ, ಕೆಳಗಿದೆ. ಕವೆಯ ಬುಡದ ಬಳೆಯೇ ತನ್ನ ಪೀಠದ ಮೇಲೆ ಅಲುಗುತ್ತಿದೆ. ಈ ಬಳೆಯ ಒಳವ್ಯಾಸವು ಪೀಠದ ವ್ಯಾಸಕ್ಕಿಂತ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು ಚಿಕ್ಕದಾಗಿರಬೇಕು. ಬಂಡಿಯ ಗಾಲಿಗೆ ಹಳಿ ತೊಡಿಸುವುದನ್ನು ಕಂಡವರಿಗೆ ಈ ತತ್ತ್ವವು ಹೊಸದಲ್ಲ. ಗಾಲಿಗಿಂತ ಕಿರಿದಾದ ಹಳಿಯನ್ನು ಬೆಂಕಿಯಲ್ಲಿ ಕಾಯಿಸಿ ತೊಡಿಸಿ ನೀರೆರೆಯುತ್ತಾರೆ. ತಣಿದ ಹಳಿಯು ಕುಗ್ಗಿ ಗಾಲಿಯನ್ನು ಅವಚಿಕೊಳ್ಳುತ್ತದೆ. 1.2 ಮೀಟರು ವ್ಯಾಸದ ಹಳಿಯನ್ನು 500 ಡಿಗ್ರಿಗಳಷ್ಟು ಹೆಚ್ಚಾಗಿ ಕಾಯಿಸಿದರೆ ಅದರ ಸುತ್ತಳತೆಯು ಸುಮಾರು 2 ಸೆಂಟಿಮೀಟರು ಬೆಳೆಯುತ್ತದೆ. ಆದರೆ 26.4 ಮಿಲಿಮೀಟರಿನ ಬಳೆಯು 100 ಡಿಗ್ರಿಗೆ ಹಿಗ್ಗುವುದು 0.03 ಮಿಲಿಮೀಟರು ಮಾತ್ರ. ಅದಕ್ಕಾಗಿ ಇಲ್ಲಿ ಕಾಯಿಸುವುದನ್ನೇ ನೆಚ್ಚದೆ ದಂಡದ ಮೇಲೆ ಕೊಳವೆಯನ್ನು ತೂರಿಸಿ ಬಳೆಯನ್ನು ಸಮನಾಗಿ ಬಡಿದು ಕೂರಿಸುತ್ತಾರೆ.

ಬಳೆಯು ಸಡಿಲವಿದ್ದರೆ ಮೊದಲು ಅಳತೆಯನ್ನು ಪರಿಶೀಲಿಸಬೇಕು. ಒಂದು ಅಂಗುಲದ ದಂಡಕ್ಕೆ ಅಂತರರಾಷ್ಟ್ರೀಯ ಪ್ರಮಾಣದ ಬಳೆಯು 26.4 ಮಿಲಿಮೀಟರು, ಜಪಾನೀ ಪ್ರಮಾಣದ್ದು 27.0 ಮಿಲಿಮೀಟರು. ಇದರ ಸ್ಥಾನದಲ್ಲಿ ಅದನ್ನು ಹಾಕಿದರೆ ಎಂದಿಗೂ ಬಿಗಿಯಾಗದು. ಕಾಲೇಜಿನ ಪ್ರಯೋಗಶಾಲೆಯ ವರ್ನಿಯರ್ ಕ್ಯಾಲಿಪರ್ ಈ ವ್ಯತ್ಯಾಸವನ್ನು ಕ್ಷಣದಲ್ಲಿ ತೋರಿಸುತ್ತದೆ. ಅಳತೆ ಸರಿಯಾಗಿದ್ದು ಪೀಠವು ಕೊಂಚ ಸವೆದಿದ್ದರೆ, ಗಾಳಿಯ ಸಂಪರ್ಕ ತಪ್ಪಿದಾಗ ಗಟ್ಟಿಯಾಗುವ ಲೋಹದ ಅಂಟು ಆ ಸಣ್ಣ ತೆರವನ್ನು ತುಂಬುತ್ತದೆ. ಪೀಠದ ಸುತ್ತ ಉಳಿಯಿಂದ ಚುಕ್ಕೆ ಹೊಡೆದು ಲೋಹವನ್ನು ಉಬ್ಬಿಸುವ ರೂಢಿಯೂ ಉಂಟು. ಉಬ್ಬುಗಳ ತುದಿಗಳಷ್ಟೇ ತಾಗುವುದರಿಂದ ಇದು ಬಹುಕಾಲ ಬಾಳದು; ಉಕ್ಕಿನ ಕವೆಗಲ್ಲದೆ ಅಲ್ಯುಮಿನಿಯಂ ಅಥವಾ ಕಾರ್ಬನ್ ಕವೆಗೆ ಇದನ್ನು ಮಾಡಲೇಬಾರದು.

ಇತ್ತೀಚಿನ ರಸ್ತೆ ಪಂದ್ಯದ ಸೈಕಲ್ಲುಗಳಲ್ಲಿ ದಂಡಕ್ಕೆ ಮರೆಯೇ ಇಲ್ಲ. ನೆತ್ತಿಯ ಮುಚ್ಚಳದ ತಿರುಪು ಕವೆಯನ್ನು ಮೇಲಕ್ಕೆಳೆದು ತೆರವನ್ನು ನೀಗಿಸುತ್ತದೆ. ಹ್ಯಾಂಡಲಿನ ಕೊರಳಿನಲ್ಲಿರುವ ಪಕ್ಕದ ತಿರುಪುಗಳು ಆ ಸ್ಥಿತಿಯನ್ನು ಹಿಡಿದಿಡುತ್ತವೆ. ಆದುದರಿಂದ ಪಕ್ಕದ ತಿರುಪುಗಳನ್ನು ಮೊದಲು ಸಡಿಲಿಸಿ, ಮುಚ್ಚಳವನ್ನು ಹೊಂದಿಸಿ, ಹ್ಯಾಂಡಲನ್ನು ನೇರಮಾಡಿ, ಕೊನೆಗೆ ಪಕ್ಕದವನ್ನು ಬಿಗಿಯಬೇಕು. ಕ್ರಮ ತಪ್ಪಿದರೆ ಮುಚ್ಚಳವನ್ನು ಎಷ್ಟು ತಿರುಗಿಸಿದರೂ ವ್ಯರ್ಥ. ಇಂತಹ ಸೈಕಲ್ಲುಗಳಲ್ಲಿ ಬುಡದ ಬಳೆಯು ಒಂದೆಡೆ ಸೀಳಿದ್ದು ಕೈಯಿಂದಲೇ ಕೂರುವುದುಂಟು. ಅದು ದೋಷವಲ್ಲ, ವಿನ್ಯಾಸ.

ಬಿಗಿದ ಬಳಿಕ ಎರಡು ಪರೀಕ್ಷೆಗಳು ಉಳಿದಿವೆ. ಮುಂಗಾಲಿಯನ್ನು ಎತ್ತಿ ಹಿಡಿದಾಗ ಹ್ಯಾಂಡಲು ತನ್ನ ಭಾರದಿಂದಲೇ ಎಡಬಲಗಳಿಗೆ ಸಲೀಸಾಗಿ ಹೊರಳಬೇಕು. ಬ್ರೇಕು ಹಿಡಿದು ತೂಗಿದಾಗ ಸಂದಿ ಮಿಸುಕಬಾರದು. ಎರಡೂ ಒಟ್ಟಿಗೆ ಸಾಧಿಸದಿದ್ದರೆ ಬಟ್ಟಲುಗಳು ಕೆಟ್ಟಿವೆಯೆಂದು ತಿಳಿದು ಹೊಸವನ್ನು ಹಾಕಿಸಬೇಕು. ದಂಡದಲ್ಲಿ ಬಿರುಕು ಕಂಡರೆ ಮಾತ್ರ ಯಾವ ರಿಪೇರಿಯೂ ಸಲ್ಲದು. ಆ ಕವೆಯನ್ನು ಬದಲಿಸುವವರೆಗೆ ಸೈಕಲ್ಲನ್ನು ಏರಬಾರದು.