ರಾತ್ರಿ ಪಾಳಿಯ ಗೌಂಡಿ

ತಿಕೋಟಾದ ಓಣಿಗಳು ರಾತ್ರಿ ಹತ್ತಕ್ಕೆಲ್ಲ ಮಲಗಿಬಿಡುತ್ತವೆ. ಬುಟ್ಟಿ ಬೋರಲು ಹಾಕಿದ ಜವಾರಿ ಕೋಳಿಯೂ ಕಣ್ಣು ಮುಚ್ಚಿದೆ. ಅದರ ಹೊಟ್ಟೆಯೊಳಗೆ ಮಾತ್ರ ಗೌಂಡಿ ಕೆಲಸ ಭರ್ಜರಿ ನಡೆದಿದೆ! ಮೆತ್ತನೆಯ ಪೊರೆಯ ಮೇಲೆ ಸುಣ್ಣ ಹರಳುಹರಳಾಗಿ ಕೂಡುತ್ತಿದೆ. ತತ್ತಿಯ ಹಳದಿ ಭಂಡಾರ ಕಳಚಿ ಬಿದ್ದ ಗಳಿಗೆಯಿಂದ ತತ್ತಿ ಹೊರಬೀಳುವವರೆಗೆ ಸುಮಾರು 25 ತಾಸು. ಅದರಲ್ಲಿ 20 ತಾಸು ಚಿಪ್ಪಿಗೇ. ಬಹುಪಾಲು ಕತ್ತಲಲ್ಲಿ, ಕೋಳಿ ಒಂದು ಕಾಳೂ ಮುಟ್ಟದ ಹೊತ್ತಿನಲ್ಲಿ.

ಹಾಗಾದರೆ ಅಷ್ಟು ಸುಣ್ಣ ಎಲ್ಲಿಂದ? ಒಂದು ಚಿಪ್ಪಿಗೆ ಎರಡು ಗ್ರಾಂ ಮೀರಿ ಕ್ಯಾಲ್ಸಿಯಂ ಬೇಕು. ಕೋಳಿಯ ಇಡೀ ಎಲುಬಿನ ಹಂದರದಲ್ಲಿ ಇರುವುದೇ 20 ಗ್ರಾಂ ಆಸುಪಾಸು. ವರ್ಷಕ್ಕೆ 300 ತತ್ತಿ ಇಡುವ ಫಾರ್ಮ್ ಕೋಳಿ ತನ್ನ ಎಲುಬಿನಲ್ಲಿರುವುದರ ಮೂವತ್ತು ಪಟ್ಟು ಕ್ಯಾಲ್ಸಿಯಂ ಚಿಪ್ಪಿಗೆ ಸುರಿಯುತ್ತದೆ! ತಿಂದದ್ದು ಸಾಲದ ರಾತ್ರಿ ತೊಡೆಯೆಲುಬಿನೊಳಗೆ ಇದಕ್ಕೆಂದೇ ಕೂಡಿಟ್ಟ ಗಂಟನ್ನು ಕರಗಿಸುತ್ತದೆ. ಅದೂ ತೀರಿತೋ, ಚಿಪ್ಪು ತೆಳು, ಕಾಲು ಸೋಲು.

ನನಗೆ ಎಲ್ಲಕ್ಕಿಂತ ಬೆರಗೆನಿಸಿದ್ದು ಮುಂದಿನದು. ಕಡಲ ಚಿಪ್ಪಿನ ದಪ್ಪ ನುಚ್ಚನ್ನು ಬೇರೆ ಬಟ್ಟಲಲ್ಲಿ ಇಟ್ಟರೆ, ಚಿಪ್ಪು ಕಟ್ಟಬೇಕಾದ ದಿನ ಮಧ್ಯಾಹ್ನ ಹೊರಳುತ್ತಲೇ ಕೋಳಿ ತಾನಾಗಿ ಹುಡುಕಿ ಬಂದು ತಿನ್ನುತ್ತದೆ. ಹೇಳಿಕೊಟ್ಟವರಾರು! ಹುಡಿಯಾದರೆ ಬೇಗ ಸಾಗಿಹೋಗುತ್ತದೆ. ಜೋಳದ ಕಾಳಿನಷ್ಟು ದಪ್ಪದ ಚೂರು ಕಾಳು ಅರೆಯುವ ಚೀಲದಲ್ಲೇ ನಿಂತು ರಾತ್ರಿಯೆಲ್ಲ ಸಣ್ಣಗೆ ಕರಗುತ್ತದೆ. ಕಡಲು ನಮಗೆ ದೂರವೇನೋ ನಿಜ. ಆದರೆ ತಾಳಿಕೋಟೆ ಕಡೆಯ ಹಾಸುಗಲ್ಲು 50 ಕೋಟಿ ವರ್ಷಕ್ಕೂ ಹಿಂದೆ ಕಡಲತಳದಲ್ಲಿ ಕೂತ ಸುಣ್ಣದ ಹೂಳೇ! ಡೋಣಿ ಹೊಳೆಯ ದಂಡೆಯ ಎರೆಹೊಲದಲ್ಲೂ ಸುಣ್ಣದ ಹರಳಿಗೆ ಬರವಿಲ್ಲ.

ಈಗ ಜೋಳದ ಮಾತು. ಬಬಲೇಶ್ವರದಿಂದ ವಿಜಯಪುರದವರೆಗೆ ಅಂಗಳದ ಕೋಳಿಗೆ ಬೀಳುವುದು ಬಿಳಿಜೋಳ. ಕಸುವಿಗೆ ಒಳ್ಳೆಯದೇ, ಆದರೆ ಅದರಲ್ಲಿ ಪ್ರೋಟೀನು ನೂರಕ್ಕೆ ಹತ್ತರಷ್ಟು, ತತ್ತಿ ಇಡುವ ಕೋಳಿಗೆ ಬೇಕಾದದ್ದು 16ರಿಂದ 18. ಪ್ರೋಟೀನಿನ ಅಂಶವಾದ ಲೈಸಿನ್ ಅಂತೂ ತೀರ ಕಡಿಮೆ. ತೊಗರಿನುಚ್ಚು, ಸೋಯಾ ಹಿಂಡಿ, ಸೂರ್ಯಕಾಂತಿ ಹಿಂಡಿ ಬೆರೆಸಿದರೆ ಆ ಕೊರತೆ ತುಂಬುತ್ತದೆ. ಶೇಂಗಾ ಹಿಂಡಿಗೆ ಬೂಸ್ಟು ಹಿಡಿದಿದ್ದರೆ ಮುಲಾಜಿಲ್ಲದೆ ಚೆಲ್ಲಿ, ಅದು ವಿಷ. ಬಿಳಿಜೋಳ ಮಾತ್ರ ತಿಂದ ಕೋಳಿಯ ಭಂಡಾರ ಬಿಳಚಿಕೊಳ್ಳುತ್ತದೆ. ಗೋವಿನಜೋಳ, ನುಗ್ಗೆಸೊಪ್ಪು ಬಿದ್ದರೆ ಅರಿಸಿನದ ಬಣ್ಣ!

ಬೆಳಕಿನದ್ದಂತೂ ಕಥೆಯಂಥ ನಿಜ. ಕೋಳಿಯ ಮಿದುಳು ತಲೆಬುರುಡೆ ತೂರಿಬರುವ ಬೆಳಕನ್ನು ನೇರವಾಗಿ ಅರಿಯುತ್ತದೆ, ಕಣ್ಣಿನ ಹಂಗಿಲ್ಲದೆ. ಡಿಸೆಂಬರಿನಲ್ಲಿ ನಮ್ಮ ಹಗಲು 11 ತಾಸಿಗೆ ಇಳಿದಾಗ ತತ್ತಿಯೂ ಇಳಿಯುವುದು ಇದಕ್ಕೇ. ಎಷ್ಟು ಮೇವು ಹಾಕಿದರೂ ದೀಪ ಹಚ್ಚಿ ಹಗಲು ಹಿಗ್ಗಿಸದೆ ಪೂರ್ತಿ ಫಲವಿಲ್ಲ. ಏಪ್ರಿಲ್-ಮೇ ಉರಿಯಲ್ಲಿ ಕೋಳಿ ತೇಕುತ್ತ ಉಸಿರಾಡಿ, ಚಿಪ್ಪಿಗೆ ಬೇಕಾದ ಇಂಗಾಲದ ಡೈಆಕ್ಸೈಡನ್ನೇ ಹೊರಹಾಕುತ್ತದೆ. ಆಗ ಮೇವು ನಸುಕಿಗೆ ಮತ್ತು ಇಳಿಹೊತ್ತಿಗೆ, ನೆರಳಲ್ಲಿ ತಣ್ಣೀರು ದಿನವಿಡೀ.

ಇಂದೇ ಸಂಜೆ ಚಿಪ್ಪಿನ ನುಚ್ಚಿನ ಬಟ್ಟಲು ಇಟ್ಟು ನೋಡಿ. ಮೇವಿನಲ್ಲಿ ಕಲಸಬೇಡಿ, ಬೇರೆಯೇ ಇರಲಿ. ಮರಿಗಳಿಗೆ ಮಾತ್ರ ತತ್ತಿ ಕೋಳಿಯ ಮೇವು ಬೇಡ. ಅಷ್ಟೊಂದು ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡ ಕೆಡಿಸುತ್ತದೆ.