ವಿದೇಶಕ್ಕೆ ಹೊರಟವರು ಬ್ಯಾಗನ್ನು ಕೊನೆಗೆ ಖರೀದಿಸಲಿ

ಮಂಗಳೂರು ಸೆಂಟ್ರಲ್‌ನಿಂದ ಕೊಯಮತ್ತೂರಿಗೆ ಹೋಗುವ ಇಂಟರ್‌ಸಿಟಿ ರೈಲಿನಲ್ಲಿ ಕರಾವಳಿಯ ಬಟ್ಟೆ ವ್ಯಾಪಾರಿಗಳು ಸಾಮಾನ್ಯವಾಗಿ ಕಾಣಸಿಗುತ್ತಾರೆ. ಕೊಯಮತ್ತೂರಿನಿಂದ ಸುಮಾರು 50 ಕಿ.ಮೀ. ದೂರದ ತಿರುಪ್ಪೂರಿಗೆ, ಅಲ್ಲಿನ ಖಾದರ್‌ಪೇಟೆಗೆ ಅವರ ಪ್ರಯಾಣ. ಟೀ ಶರ್ಟ್, ಬನಿಯನ್, ಮಕ್ಕಳ ಬಟ್ಟೆಗಳ ಹೋಲ್‌ಸೇಲ್ ಅಂಗಡಿಗಳು ಸಾಲುಸಾಲಾಗಿರುವ ಜಾಗ ಅದು. ಗಲ್ಫ್‌ಗೆ ಹೊರಟ ತಮ್ಮನಿಗೋ ಅಳಿಯನಿಗೋ ನಾಲ್ಕು ಜೊತೆ ಬಟ್ಟೆ ತರುವಾಗ, ಜೊತೆಗೆ ಒಂದು ಬ್ಯಾಗನ್ನೂ ತಂದುಬಿಡುವವರಿದ್ದಾರೆ. ಕೊಯಮತ್ತೂರಿನಿಂದ ಶಾರ್ಜಾಕ್ಕೆ ನೇರ ವಿಮಾನ ಇರುವುದರಿಂದ ಅಲ್ಲಿಂದಲೇ ಹೊರಡುವವರೂ ಉಂಟು.

ಎಡವಟ್ಟಾಗುವುದು ಇಲ್ಲೇ. ಅಂಗಡಿಯಲ್ಲಿ ಖಾಲಿ ಬ್ಯಾಗನ್ನು ಒಂದು ಹೆಗಲಿಗೆ ಹಾಕಿ, ಕನ್ನಡಿ ನೋಡಿ, ಎಷ್ಟು ಲೀಟರ್ ಅಂತ ಕೇಳಿ, ಚೌಕಾಸಿ ಮಾಡಿ ತರುತ್ತಾರೆ. ಖಾಲಿ ಬ್ಯಾಗ್ ಯಾರ ಬೆನ್ನಿಗೂ ಚೆನ್ನಾಗಿಯೇ ಕೂರುತ್ತದೆ. ಅದರ ನಿಜವಾದ ಗುಣ ಗೊತ್ತಾಗುವುದು ಹತ್ತು ಕೆ.ಜಿ. ತುಂಬಿ ಅರ್ಧ ಗಂಟೆ ನಡೆದ ಮೇಲೆ.

ಉದ್ಯೋಗ ಕೈಯಲ್ಲಿಟ್ಟುಕೊಂಡು ಹೋಗುವವರಿಗೆ ಇದು ದೊಡ್ಡ ವಿಷಯ ಅಲ್ಲ. ಏರ್‌ಪೋರ್ಟಿಗೆ ಕಂಪನಿ ಗಾಡಿ ಬರುತ್ತದೆ. ವಿಸಿಟ್ ವೀಸಾದಲ್ಲಿ ಕೆಲಸ ಹುಡುಕಿ ಹೋಗುವ ಹುಡುಗರ ಕಥೆ ಬೇರೆ. ಇವತ್ತು ಒಬ್ಬ ಗೆಳೆಯನ ರೂಮು, ಮುಂದಿನ ವಾರ ಇನ್ನೊಬ್ಬರ ಬೆಡ್ ಸ್ಪೇಸ್. ಲಿಫ್ಟ್ ಇಲ್ಲದ ಕಟ್ಟಡದ ಮೆಟ್ಟಿಲಲ್ಲಿ ಟ್ರಾಲಿಯ ಚಕ್ರ ಉಪಯೋಗಕ್ಕೆ ಬರುವುದಿಲ್ಲ. ಮಂಚದ ಕೆಳಗೆ ಮಡಚಿ ತಳ್ಳಲೂ ಆಗುವುದಿಲ್ಲ. ಜುಲೈ ತಿಂಗಳ ಸೆಕೆಯಲ್ಲಿ ತಪ್ಪು ಬ್ಯಾಗ್ ಹೊತ್ತು ಬೆನ್ನು ಹಿಡಿಸಿಕೊಂಡವನು ಮರುದಿನ ಇಂಟರ್‌ವ್ಯೂನಲ್ಲಿ ನೆಟ್ಟಗೆ ಕೂರುವುದೂ ಕಷ್ಟ.

ಬ್ಯಾಗಿನ ಸೈಜನ್ನು ಎತ್ತರದಿಂದ ಅಳೆಯುವಂತಿಲ್ಲ, ಬೆನ್ನಿನಿಂದ ಅಳೆಯಬೇಕು. ತಲೆ ಬಗ್ಗಿಸಿದಾಗ ಕುತ್ತಿಗೆಯ ಬುಡದಲ್ಲಿ ಒಂದು ಮೂಳೆ ಎದ್ದು ಕಾಣುತ್ತದೆ. ಎರಡೂ ಕೈ ಸೊಂಟದ ಮೂಳೆಯ ಮೇಲಿಟ್ಟು ಹೆಬ್ಬೆರಳನ್ನು ಹಿಂದಕ್ಕೆ ಚಾಚಿದರೆ ಎರಡೂ ಹೆಬ್ಬೆರಳುಗಳ ನಡುವೆ ಒಂದು ಗೆರೆ ಸಿಗುತ್ತದೆ. ಆ ಮೂಳೆಯಿಂದ ಈ ಗೆರೆಯವರೆಗೆ ಟೈಲರ್ ಟೇಪ್ ಹಿಡಿದರೆ ಬಂತು ಬೆನ್ನಿನ ಉದ್ದ. ಆರಡಿ ಹುಡುಗನ ಬೆನ್ನು ಗಿಡ್ಡ ಇರಬಹುದು, ಐದೂವರೆ ಅಡಿಯವನದ್ದು ಉದ್ದ ಇರಬಹುದು. ಹಾಗಾಗಿ ಅಣ್ಣನಿಗೆ ಸರಿಯಾದ ಬ್ಯಾಗ್ ತಮ್ಮನಿಗೆ ಸರಿಯಾಗಬೇಕೆಂದಿಲ್ಲ. ಬೇರೆಯವರ ಕೈಯಲ್ಲಿ ತರಿಸುವುದಂತೂ ಬೇಡವೇ ಬೇಡ.

ಎರಡನೇ ವಿಷಯ ಸೊಂಟದ ಬೆಲ್ಟ್. ಭಾರದ ಹೆಚ್ಚಿನ ಪಾಲನ್ನು ಹೊರಬೇಕಾದದ್ದು ಹೆಗಲಲ್ಲ, ಸೊಂಟದ ಮೂಳೆ. ಅದಕ್ಕೆ ಬೆಲ್ಟ್ ದಪ್ಪ ಇರಬೇಕು, ಹೊಟ್ಟೆಯ ಮೇಲಲ್ಲ, ಮೂಳೆಯ ಮೇಲೆ ಕೂರಬೇಕು. ಬರೀ ತೆಳು ಪಟ್ಟಿ ಹೊಲಿದು ಬೆಲ್ಟ್ ಅನ್ನುವ ಬ್ಯಾಗುಗಳೂ ಬರುತ್ತವೆ; ಅವು ಬ್ಯಾಗ್ ಅಲುಗಾಡದಂತೆ ಹಿಡಿಯುತ್ತವೆ, ಅಷ್ಟೇ. ಹಾಕುವಾಗ ಮೊದಲು ಸೊಂಟ ಬಿಗಿಯಬೇಕು, ಆಮೇಲೆ ಹೆಗಲು, ಕೊನೆಗೆ ಎದೆಯ ಪಟ್ಟಿ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ.

ಇನ್ನು ಬಟ್ಟೆ. ತಿರುಪ್ಪೂರಿಗೆ ಹೋಗಿ ಬರುವವರಿಗೆ ಜಿಎಸ್‌ಎಂ ಬಾಯಿಪಾಠ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ಅಂತ ಲೆಕ್ಕ. ಬ್ಯಾಗಿಗೆ ಕೇಳಬೇಕಾದದ್ದು ಡೆನಿಯರ್. 9,000 ಮೀಟರ್ ನೂಲಿನ ತೂಕ ಎಷ್ಟು ಗ್ರಾಂ, ಅದೇ ಡೆನಿಯರ್. ಸಂಖ್ಯೆ ಹೆಚ್ಚಾದಂತೆ ನೂಲು ದಪ್ಪ, ಬ್ಯಾಗೂ ಭಾರ. ಆದರೆ ಡೆನಿಯರ್ ಎಷ್ಟಿದ್ದರೂ ಹೊಲಿಗೆ ಸೋತರೆ ಪ್ರಯೋಜನ ಇಲ್ಲ. ಬ್ಯಾಗನ್ನು ಒಳಗಿಂದ ಹೊರಕ್ಕೆ ತಿರುಗಿಸಿ ನೋಡಬೇಕು. ಹೆಗಲ ಪಟ್ಟಿ ಸೇರುವ ಕಡೆ ಬಾರ್‌ಟ್ಯಾಕ್ ಹಾಕಿದ್ದಾರಾ, ಅಂಚುಗಳಿಗೆ ಟೇಪ್ ಹೊಲಿದಿದ್ದಾರಾ, ಜಿಪ್ ಮೂಲೆಯಲ್ಲಿ ತಡೆಯುತ್ತದಾ? ಗಾರ್ಮೆಂಟ್ಸ್ ವ್ಯಾಪಾರಿಯ ಕಣ್ಣಿಗೆ ಇದು ಎರಡು ನಿಮಿಷದ ಕೆಲಸ. ಒಳಗಿನ ಪಿಯು ಕೋಟಿಂಗ್ ಕರಾವಳಿಯ ತೇವಕ್ಕೆ ಕಾಲಕ್ರಮೇಣ ಅಂಟಂಟಾಗಿ ಸಿಪ್ಪೆ ಏಳುವುದುಂಟು. ಹಾಗಾಗಿ ಮಳೆಗೆ ಬೇರೆ ಕವರ್ ಇರಲಿ, ಬ್ಯಾಗನ್ನು ಒಣಗಿಸದೆ ಅಟ್ಟಕ್ಕೆ ಹಾಕಬಾರದು.

ಲೀಟರ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುವುದು ಬೇಡ. 65 ಲೀಟರ್ ಇದ್ದರೆ 65 ಲೀಟರೂ ತುಂಬುತ್ತದೆ, ಅದು ಮನುಷ್ಯನ ಸ್ವಭಾವ. ಹೆಚ್ಚಿನವರಿಗೆ 40ರಿಂದ 50 ಸಾಕು. ವಿಮಾನದೊಳಗೆ ಒಯ್ಯುವ ಚೀಲ ಸಾಮಾನ್ಯವಾಗಿ 7 ಕೆ.ಜಿ. ಮೀರುವಂತಿಲ್ಲ, ಆದರೂ ಟಿಕೆಟಿನಲ್ಲಿ ಬರೆದದ್ದನ್ನು ಓದಿಕೊಳ್ಳಬೇಕು. ಪವರ್ ಬ್ಯಾಂಕ್ ಆ ಚೀಲದಲ್ಲೇ ಇರಬೇಕು, ಕೆಳಗೆ ಹಾಕುವ ಲಗೇಜಿನಲ್ಲಿ ಅಲ್ಲ. ದೊಡ್ಡ ಬ್ಯಾಗನ್ನು ಲಗೇಜಿಗೆ ಕೊಡುವಾಗ ಪಟ್ಟಿಗಳು ಕನ್ವೇಯರ್‌ಗೆ ಸಿಕ್ಕಿ ಹರಿಯದಂತೆ ಕಟ್ಟಿಡಬೇಕು. ಪಟ್ಟಿಗಳನ್ನು ಒಳಗೆ ಮುಚ್ಚಿಡುವ ಫ್ಲಾಪ್ ಇದ್ದರೆ ಇನ್ನೂ ಒಳ್ಳೆಯದು. ಸೂಟ್‌ಕೇಸಿನ ಹಾಗೆ ಮುಂದಿನಿಂದ ತೆರೆಯುವ ಜಿಪ್ ಇದ್ದರೆ ರೂಮ್‌ಮೇಟ್ ಮಲಗಿರುವಾಗ ಒಂದು ಶರ್ಟಿಗಾಗಿ ಇಡೀ ಬ್ಯಾಗ್ ಸುರಿಯಬೇಕಾಗಿಲ್ಲ.

(ಉಮ್ರಾಕ್ಕೆ ಹೊರಟ ಹಿರಿಯರಿಗೆ ಇದ್ಯಾವುದೂ ಬೇಡ, ಒಳ್ಳೆಯ ಚಕ್ರದ ಟ್ರಾಲಿ ಸಾಕು.)

ಬೆಲೆಯ ಮಾತಿಗೆ ಬಂದರೆ, 1,200 ರೂಪಾಯಿಯ ಬ್ಯಾಗ್ ವರ್ಷಕ್ಕೇ ಹರಿದು, 5,000ದ್ದು ಆರು ವರ್ಷ ಬಂದರೆ ಅಗ್ಗ ಯಾವುದು ಅಂತ ಕಾಮರ್ಸ್ ಓದದವರಿಗೂ ಗೊತ್ತಾಗುತ್ತದೆ. ಲೋಗೋ ನೋಡಿ ಮೋಸ ಹೋಗಬಾರದು. ಲೋಗೋ ಹೊಲಿಯುವುದು ಬಾರ್‌ಟ್ಯಾಕ್ ಹಾಕುವುದಕ್ಕಿಂತ ಸುಲಭ.

ತಿರುಪ್ಪೂರಿಗೆ ಹೋಗುವವರಿಗೆ ಒಂದು ಅನುಕೂಲ ಇದೆ, ಭಾರ ಕೈಯಲ್ಲೇ ಇರುತ್ತದೆ. 180 ಜಿಎಸ್‌ಎಂನ ಒಂದು ಡಜನ್ ಟೀ ಶರ್ಟ್ ಹೆಚ್ಚುಕಡಿಮೆ ಎರಡು ಕೆ.ಜಿ. ತೂಗುತ್ತದೆ, ಐದು ಡಜನ್‌ಗೆ ಹತ್ತು ಕೆ.ಜಿ. ಆ ಕಟ್ಟುಗಳನ್ನೇ ಬ್ಯಾಗಿಗೆ ತುಂಬಿ, ಭಾರದ್ದು ಬೆನ್ನಿಗೆ ಹತ್ತಿರ ಬರುವಂತೆ ಇಟ್ಟು, ಅಂಗಡಿಯವನಿಗೆ ಹೇಳಿ ಇಪ್ಪತ್ತು ನಿಮಿಷ ಅಲ್ಲೇ ಓಡಾಡಬೇಕು. ಮೆಟ್ಟಿಲಿದ್ದರೆ ಹತ್ತಿ ಇಳಿಯಬೇಕು. ಹೆಗಲು ಉರಿದರೆ, ಬೆಲ್ಟ್ ಹೊಟ್ಟೆಗೆ ಜಾರಿದರೆ ಬೇರೆ ಬ್ಯಾಗ್ ಕೇಳಬೇಕು. ಇದಕ್ಕೆ ಒಪ್ಪದ ಅಂಗಡಿ ಬಿಟ್ಟು ಮುಂದೆ ಹೋಗಬಹುದು.

ತಿರುಪ್ಪೂರು ಬಸ್ ಹತ್ತುವುದು ಕೊಯಮತ್ತೂರಿನ ಗಾಂಧಿಪುರದಲ್ಲಿ. ಪಕ್ಕದ ಕ್ರಾಸ್‌ಕಟ್ ರಸ್ತೆಯಲ್ಲಿ ಅಂಗಡಿಗಳಿಗೆ ಬರವಿಲ್ಲ. ಹೋಗುವಾಗ ಬ್ಯಾಗ್ ನೋಡಿಟ್ಟುಕೊಂಡು ಹೋಗಬಹುದು. ದುಡ್ಡು ಕೊಡುವುದು ಬಟ್ಟೆ ಕಟ್ಟಿನ ಸಮೇತ ವಾಪಸ್ ಬಂದ ಮೇಲೆ.